ಪಟ್ಟಣಕ್ಕೆ ಹೊರಡುವ ಮುನ್ನ ಗಾಳಿಮಳೆಯ ವಿಚಾರ

ವೈಶಾಖ ಮಾಸ ಬಂತೆಂದರೆ ನಮ್ಮ ಗಡಿನಾಡಿನ ಮನೆಗಳಲ್ಲಿ ಒಂದು ಮಾತು ತಪ್ಪದೆ ತಲೆಯೆತ್ತುತ್ತದೆ. ಮಕ್ಕಳ ಪರೀಕ್ಷೆಗಳು ಮುಗಿದಿರುತ್ತವೆ. ಉದ್ಯೋಗದ ಆಜ್ಞಾಪತ್ರಗಳೂ ವರ್ಗಾವಣೆಯ ಕಾಗದಗಳೂ ಬರುವ ಕಾಲ ಅದು. ಒಂದು ಮನೆಯ ಮಗನಿಗೆ ಬೆಂಗಳೂರಿನಲ್ಲಿ ಕೆಲಸ, ಇನ್ನೊಂದು ಮನೆಯ ಮಗಳಿಗೆ ಚೆನ್ನೈಯಲ್ಲಿ ಸರ್ಕಾರಿ ಹುದ್ದೆ, ಮತ್ತೊಬ್ಬರ ಅಳಿಯನಿಗೆ ದೂರದ ಅಮೆರಿಕದಿಂದ ಕರೆ. ಹೊರಡುವವರು ಸಂಬಳವನ್ನು ಕೇಳುತ್ತಾರೆ, ಬಾಡಿಗೆಯನ್ನು ಕೇಳುತ್ತಾರೆ, ಮಕ್ಕಳ ಶಾಲೆಯನ್ನು ವಿಚಾರಿಸುತ್ತಾರೆ. ಈಚಿನ ಕೆಲವು ವರ್ಷಗಳಿಂದ ಹಿರಿಯರ ಬಾಯಲ್ಲಿ ಇನ್ನೊಂದು ಪ್ರಶ್ನೆಯೂ ಕೇಳಿಬರುತ್ತಿದೆ: “ಆ ಊರಿನಲ್ಲಿ ಗಾಳಿಮಳೆಯ ಭಯವಿಲ್ಲವೇ?”

ಇದು ನಕ್ಕು ಬಿಡತಕ್ಕ ಪ್ರಶ್ನೆಯಲ್ಲ. ಆದರೆ ಇದಕ್ಕೆ ಉತ್ತರ ಹುಡುಕುವ ಬಗೆಯಲ್ಲಿ ನಮ್ಮವರು ಊರಿನ ಹೆಸರೊಂದನ್ನೇ ಹಿಡಿದುಕೊಳ್ಳುತ್ತಾರೆ. ದೂರದರ್ಶನದಲ್ಲಿ ಒಮ್ಮೆ ಕಂಡ ದೃಶ್ಯ ಮನಸ್ಸಿನಲ್ಲಿ ಉಳಿದು, “ಚೆನ್ನೈ ಎಂದರೆ ಪ್ರವಾಹ, ಅಮೆರಿಕವೆಂದರೆ ಸುಂಟರಗಾಳಿ, ನಮ್ಮ ಊರೇ ಕ್ಷೇಮ” ಎಂಬ ತೀರ್ಮಾನಕ್ಕೆ ಬರುತ್ತಾರೆ. ಈ ತೀರ್ಮಾನ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಈ ತಿಂಗಳು ವಾಚಕರೊಂದಿಗೆ ವಿಚಾರಮಾಡಬೇಕೆಂದಿದ್ದೇನೆ.

ಮೊದಲು ಮಾತುಗಳನ್ನು ಬೇರ್ಪಡಿಸಿಕೊಳ್ಳೋಣ. ಮಾಘ ಫಾಲ್ಗುಣಗಳಲ್ಲಿ ಒಣಗಿದ ಹೊಲದ ಮೇಲೆ ತರಗೆಲೆ, ಧೂಳುಗಳನ್ನು ಸುತ್ತಿಸಿಕೊಂಡು ಏಳುವ ಗಾಳಿಗೆ ನಾವು ಸುಂಟರಗಾಳಿ ಎನ್ನುತ್ತೇವೆ. ಬೇಸಗೆಯ ಸಂಜೆ ಗುಡುಗಿನೊಡನೆ ನುಗ್ಗಿಬಂದು ಬಾಳೆಯನ್ನು ಮುರಿದು, ಮನೆಯ ತಗಡನ್ನು ಹಾರಿಸುವ ಬಿರುಗಾಳಿಗೂ ಪತ್ರಿಕೆಗಳು ಅದೇ ಹೆಸರನ್ನು ಕೊಡುವುದುಂಟು. ಅಮೆರಿಕದಲ್ಲಿ ಊರನ್ನೇ ನೆಲಸಮಮಾಡುವ ಟಾರ್ನಡೋ ಕೂಡ ನಮ್ಮ ಭಾಷೆಯಲ್ಲಿ ಸುಂಟರಗಾಳಿಯೇ. ನಮ್ಮ ಮಕ್ಕಳು ಓದುವ ತಮಿಳಿನಲ್ಲಿಯೂ ‘ಸೂರಾವಳಿ’ ಎಂಬುದನ್ನು ಹಲವು ಬಗೆಯ ಗಾಳಿಗೆ ಬಳಸುತ್ತಾರೆ. ಕಡಲಿನಿಂದ ಏಳುವ ಚಂಡಮಾರುತಕ್ಕೆ ಮಾತ್ರ ‘ಪುಯಲ್’ ಎಂಬ ಬೇರೆ ಮಾತಿದೆ. ಹೆಸರು ಒಂದಾದರೆ ಭಯವೂ ಒಂದಾಗುತ್ತದೆ. ಆದರೆ ಈ ಗಾಳಿಗಳ ಸ್ವಭಾವ ಬೇರೆ, ಅವುಗಳಿಂದ ಪಾರಾಗುವ ಉಪಾಯವೂ ಬೇರೆ.

ಹೊಲದ ಸುಂಟರಗಾಳಿ ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಗಾಳಿಯ ಸುಳಿ. ಅದಕ್ಕೆ ಮೋಡ ಬೇಕಿಲ್ಲ, ಅಪಾಯವೂ ಅಲ್ಪವೇ. ಟಾರ್ನಡೋ ಎಂಬುದು ಗುಡುಗುಮೋಡದ ಹೊಟ್ಟೆಯಿಂದ ನೆಲಕ್ಕೆ ಇಳಿಯುವ ಸುಳಿ. ಕೆಳಗೆ ಬೆಚ್ಚನೆಯ ತೇವದ ಗಾಳಿ, ಮೇಲೆ ತಣ್ಣನೆಯ ಒಣಗಾಳಿ, ಎತ್ತರಕ್ಕೆ ಹೋದಂತೆ ವೇಗವನ್ನೂ ದಿಕ್ಕನ್ನೂ ಬದಲಿಸುವ ಬೀಸು, ಇವು ಕೂಡಿದಾಗ ಮೋಡವೇ ತಿರುಗತೊಡಗುತ್ತದೆ. ಅದರ ಅಗಲ ಸಾಮಾನ್ಯವಾಗಿ ಕೆಲವು ನೂರು ಮೀಟರುಗಳು, ಆಯುಷ್ಯ ಹೆಚ್ಚಾಗಿ ಕೆಲವೇ ನಿಮಿಷಗಳು. ಅತಿ ಪ್ರಬಲವಾದವುಗಳಲ್ಲಿ ಗಾಳಿಯ ವೇಗ ಗಂಟೆಗೆ 320 ಕಿಲೋಮೀಟರನ್ನೂ ಮೀರುತ್ತದೆ. ಚಂಡಮಾರುತವಾದರೋ ನೂರಾರು ಕಿಲೋಮೀಟರ್ ವ್ಯಾಪಿಸಿ, ದಿನಗಟ್ಟಲೆ ಮೊದಲೇ ತನ್ನ ಬರವನ್ನು ತಿಳಿಸುತ್ತದೆ. ಟಾರ್ನಡೋ ಕೊಡುವ ಕಾಲಾವಕಾಶ ಅನೇಕ ವೇಳೆ ಕಾಲು ಗಂಟೆಯೂ ಇರುವುದಿಲ್ಲ.

ನಮ್ಮ ದೇಶಕ್ಕೆ ಇದು ಪೂರ್ತಿ ಅಪರಿಚಿತವಲ್ಲ. 1978ರ ಮಾರ್ಚ್ 17ರಂದು ದೆಹಲಿಯ ಉತ್ತರಭಾಗವನ್ನು ಒಂದು ಟಾರ್ನಡೋ ಸೀಳಿಕೊಂಡು ಹೋಗಿ 28 ಮಂದಿಯನ್ನು ಬಲಿ ತೆಗೆದುಕೊಂಡಿತು. 2024ರ ಮಾರ್ಚ್ 31ರಂದು ಪಶ್ಚಿಮ ಬಂಗಾಳದ ಜಲ್ಪಾಯಿಗುಡಿ ಜಿಲ್ಲೆಯಲ್ಲಿ ಸಾವುನೋವುಗಳಾದವು. ಜಗತ್ತಿನಲ್ಲಿಯೇ ಅತಿ ಹೆಚ್ಚು ಜನರನ್ನು ಕೊಂದ ಟಾರ್ನಡೋ ಬೀಸಿದ್ದು ಅಮೆರಿಕದಲ್ಲಲ್ಲ, ನೆರೆಯ ಬಾಂಗ್ಲಾದೇಶದಲ್ಲಿ. 1989ರ ಏಪ್ರಿಲ್ 26ರಂದು ಅಲ್ಲಿ ಸುಮಾರು 1,300 ಜನ ಸತ್ತರು. ಬಂಗಾಳದ ಕಡೆಗೆ ಬೇಸಗೆಯಲ್ಲಿ ಕೊಲ್ಲಿಯ ತೇವವೂ ವಾಯವ್ಯದ ಒಣಗಾಳಿಯೂ ಮೇಲಿನ ಪಶ್ಚಿಮದ ಬಿರುಬೀಸೂ ಒಂದಾಗುತ್ತವೆ. ಸೇಲಂ, ಧರ್ಮಪುರಿಗಳಿರುವ ದಕ್ಷಿಣದಲ್ಲಿ ಆ ಮೇಲುಗಾಳಿ ಬೇಸಗೆಯಲ್ಲಿ ಅಷ್ಟು ಬಲವಾಗಿರುವುದಿಲ್ಲ. ಆದಕಾರಣ ನಿಜವಾದ ಟಾರ್ನಡೋ ಇಲ್ಲಿ ಬಹಳ ಅಪರೂಪ.

ಹಾಗಾದರೆ ಡಲ್ಲಾಸಿಗೋ ಒಕ್ಲಹೋಮಕ್ಕೋ ಹೊರಟ ಮಗನನ್ನು ತಡೆಯಬೇಕೇ? ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 1,200 ಟಾರ್ನಡೋಗಳು ಏಳುತ್ತವೆ. ಸಾಯುವವರು ಸರಾಸರಿ ಎಪ್ಪತ್ತರ ಆಸುಪಾಸು. ನಮ್ಮ ದೇಶದಲ್ಲಿ 2022ನೆಯ ಇಸವಿಯೊಂದರಲ್ಲಿಯೇ ಸಿಡಿಲಿಗೆ ಬಲಿಯಾದವರು 2,800ಕ್ಕೂ ಹೆಚ್ಚು. ನಮ್ಮ ಜನಸಂಖ್ಯೆ ಅವರದಕ್ಕಿಂತ ಸುಮಾರು ನಾಲ್ಕು ಪಟ್ಟು ಎಂಬುದನ್ನು ಗಣನೆಗೆ ತೆಗೆದುಕೊಂಡರೂ ಯಾವುದಕ್ಕೆ ಹೆಚ್ಚು ಅಂಜಬೇಕೆಂಬುದು ಸ್ಪಷ್ಟವಾಗಿದೆ. ಆದರೂ ಮುಂಗಾರಿನ ಮೊದಲ ಗುಡುಗಿಗೆ ನಮ್ಮ ರೈತರು ಹುಣಿಸೆಮರದ ಕೆಳಗೆ ಹೋಗಿ ನಿಲ್ಲುವುದನ್ನು ಬಿಟ್ಟಿಲ್ಲ!

ಅಲ್ಲಿಗೆ ಹೋಗುವವರು ತಿಳಿದಿರಬೇಕಾದ ಸಂಗತಿಗಳು ಕೆಲವುಂಟು. 2013ರ ಮೇ 20ರಂದು ಒಕ್ಲಹೋಮದ ಮೂರ್ ಎಂಬ ಊರಿನಲ್ಲಿ 24 ಮಂದಿ ಮಡಿದರು. ಅವರಲ್ಲಿ ಏಳು ಮಕ್ಕಳು ಒಂದೇ ಪ್ರಾಥಮಿಕ ಶಾಲೆಯಲ್ಲಿದ್ದವರು. ಆ ಶಾಲೆಯಲ್ಲಿ ಗಾಳಿಯನ್ನು ತಡೆಯಬಲ್ಲ ಆಶ್ರಯಕೋಣೆ ಇರಲಿಲ್ಲ. ಮರುವರ್ಷ ಆ ಊರಿನ ಆಡಳಿತ ಮನೆ ಕಟ್ಟುವ ನಿಯಮಗಳನ್ನು ಬಿಗಿಗೊಳಿಸಿತು. 2015ರ ಡಿಸೆಂಬರ್ 26ರಂದು ಡಲ್ಲಾಸಿನ ಪಕ್ಕದ ಗಾರ್ಲೆಂಡಿನಲ್ಲಿ ಸತ್ತವರಲ್ಲಿ ಹೆಚ್ಚಿನವರು ಹೆದ್ದಾರಿಯಲ್ಲಿ ವಾಹನಗಳಲ್ಲಿದ್ದವರು. 2019ರ ಅಕ್ಟೋಬರ್ 20ರ ರಾತ್ರಿ ಡಲ್ಲಾಸ್ ನಗರದ ಉತ್ತರಭಾಗಕ್ಕೇ ದೊಡ್ಡದೊಂದು ಟಾರ್ನಡೋ ನುಗ್ಗಿ ಅನೇಕ ಕಟ್ಟಡಗಳನ್ನು ಕೆಡವಿತು. ಆದರೆ ಒಂದು ಜೀವವೂ ಹೋಗಲಿಲ್ಲ. ಇವುಗಳಿಂದ ಕಲಿಯತಕ್ಕ ಪಾಠ ಇಷ್ಟು: ಅಲ್ಲಿ ಮನೆ ಹಿಡಿಯುವವರು ನೆಲಮಟ್ಟದಲ್ಲಿ ಕಿಟಕಿಯಿಲ್ಲದ ಒಳಕೋಣೆ ಉಂಟೇ ಎಂದು ನೋಡಬೇಕು, ಮಕ್ಕಳ ಶಾಲೆಯಲ್ಲಿ ಆಶ್ರಯಕೋಣೆ ಉಂಟೇ ಎಂದು ಕೇಳಬೇಕು. ‘ವಾಚ್’ ಎಂದರೆ ಬರಬಹುದು, ‘ವಾರ್ನಿಂಗ್’ ಎಂದರೆ ಬಂದಿದೆ, ಒಳಗೆ ಹೋಗಿ ಎಂಬ ವ್ಯತ್ಯಾಸವನ್ನು ಮನೆಯ ಪ್ರತಿಯೊಬ್ಬರೂ ತಿಳಿದಿರಬೇಕು. ಆಗ ಕಾರು ಹತ್ತಿ ಓಡುವ ಯೋಚನೆಯನ್ನು ಮಾಡಬಾರದು.

ಇನ್ನು ಚೆನ್ನೈಗೆ ಬರೋಣ. ನಮ್ಮ ಮಕ್ಕಳಲ್ಲಿ ಬಹುಮಂದಿಗೆ ಸರ್ಕಾರಿ ಹುದ್ದೆ ದೊರೆಯುವುದು ಅಲ್ಲಿಯೇ. 2015ರ ಡಿಸೆಂಬರ್ 1, 2ರಂದು ಅಡ್ಯಾರು ನದಿ ಉಕ್ಕಿ ಮುಡಿಚ್ಚೂರು, ಸೈದಾಪೇಟೆ, ಕೋಟ್ಟೂರುಪುರಗಳ ಮನೆಗಳಿಗೆ ನುಗ್ಗಿತು. ತಾಂಬರದಲ್ಲಿ 24 ಗಂಟೆಗಳಲ್ಲಿ 49 ಸೆಂಟಿಮೀಟರ್ ಮಳೆಯಾಗಿತ್ತು. 2016ರ ಡಿಸೆಂಬರ್ 12ರಂದು ‘ವಾರ್ದಾ’ ಚಂಡಮಾರುತ ನಗರದ ಹತ್ತಿರವೇ ದಡವೇರಿ ಸಾವಿರಾರು ಮರಗಳನ್ನು ಉರುಳಿಸಿತು. 2023ರ ಡಿಸೆಂಬರ್ 3, 4ರಂದು ‘ಮಿಚಾಂಗ್’ ದಡವನ್ನು ಮುಟ್ಟದೆಯೇ ಸಮೀಪದ ಕಡಲಿನಲ್ಲಿ ಸುಳಿದು, ವೇಳಚ್ಚೇರಿ, ಪಳ್ಳಿಕರಣೈ, ಪೆರುಂಗುಡಿಗಳಲ್ಲಿ ದಿನಗಟ್ಟಲೆ ನೀರು ನಿಲ್ಲಿಸಿತು.

ಈ ಮೂರು ಆಪತ್ತುಗಳಲ್ಲಿಯೂ ಗಮನಿಸಬೇಕಾದ ಅಂಶವೊಂದಿದೆ. ಒಂದೇ ಮಳೆಯಲ್ಲಿ ಒಂದು ಬೀದಿಯವರು ದೋಣಿಯಲ್ಲಿ ಹೊರಬಂದರೆ, ನಾಲ್ಕು ಬೀದಿಗಳಾಚೆಯವರು ಮನೆಯಲ್ಲಿ ಅಡಿಗೆಮಾಡಿ ಉಂಡರು. ಪಳ್ಳಿಕರಣೈಯ ಜೌಗುನೆಲ ಒಂದು ಕಾಲಕ್ಕೆ ಇಂದಿನದಕ್ಕಿಂತ ಹಲವು ಪಟ್ಟು ವಿಸ್ತಾರವಾಗಿತ್ತು. ಸುತ್ತಲಿನ ಏರಿಗಳ ನೀರೆಲ್ಲ ಅಲ್ಲಿಗೆ ಬಂದು ನಿಂತು ನಿಧಾನವಾಗಿ ಕಡಲು ಸೇರುತ್ತಿತ್ತು. ಆ ನೆಲದ ಮೇಲೆಯೇ ರಸ್ತೆಗಳೂ ಕಟ್ಟಡಗಳೂ ಎದ್ದಮೇಲೆ ನೀರು ತನ್ನ ಹಳೆಯ ಜಾಗವನ್ನು ಹುಡುಕಿಕೊಂಡು ಬರುತ್ತಿದೆ. ತ್ಯಾಗರಾಯನಗರವೂ ಸಹ 1920ರ ದಶಕದಲ್ಲಿ ಮಾಂಬಲದ ದೊಡ್ಡ ಕೆರೆಯನ್ನು ಬತ್ತಿಸಿ ಕಟ್ಟಿದ ಬಡಾವಣೆ.

“ಬೆಂಗಳೂರು ಎತ್ತರದಲ್ಲಿದೆ, ನದಿಯಿಲ್ಲ, ಕಡಲಿಲ್ಲ, ಅಲ್ಲಿ ಯಾವ ಭಯ?” ಎನ್ನುವವರೂ ಇದ್ದಾರೆ. ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರವಿರುವ ಆ ನಗರದಲ್ಲಿ 2022ರ ಸೆಪ್ಟೆಂಬರ್ 4ರ ರಾತ್ರಿ ಬಿದ್ದ ಮಳೆ ಸುಮಾರು 13 ಸೆಂಟಿಮೀಟರ್ ಮಾತ್ರ. ಅಷ್ಟಕ್ಕೇ ಬೆಳ್ಳಂದೂರು, ಮಹದೇವಪುರಗಳ ಕಡೆಯ ಹೊರವರ್ತುಲ ರಸ್ತೆ ಹೊಳೆಯಾಯಿತು. ಕಂಪ್ಯೂಟರ್ ಕೆಲಸದ ಯುವಕ ಯುವತಿಯರು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದರು. 2023ರ ಮೇ 21ರ ಮಧ್ಯಾಹ್ನ ಆಲಿಕಲ್ಲು ಮಳೆಯಲ್ಲಿ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಕಾರು ಮುಳುಗಿ ಒಬ್ಬ ಯುವತಿ ಪ್ರಾಣ ಕಳೆದುಕೊಂಡಳು. ದಿಣ್ಣೆಯ ಮೇಲಿನ ಊರಿಗೂ ಕಣಿವೆಗಳಿರುತ್ತವೆ. ಕೆರೆಯಿಂದ ಕೆರೆಗೆ ಹರಿಯುವ ರಾಜಕಾಲುವೆಯನ್ನು ಮುಚ್ಚಿದರೆ ನೀರು ಬೀದಿಯನ್ನೇ ಕಾಲುವೆಯಾಗಿ ಮಾಡಿಕೊಳ್ಳುತ್ತದೆ. ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿಯ ನೀರು ದಕ್ಷಿಣ ಪಿನಾಕಿನಿಯನ್ನು ಸೇರಿ ಹೊಸೂರಿನ ಬಳಿಯ ಕೆಲವರಪಳ್ಳಿ ಅಣೆಕಟ್ಟಿಗೇ ಬರುತ್ತದೆಯೆಂಬುದನ್ನು ಆ ಕಡೆಯ ನಮ್ಮ ಬಂಧುಗಳು ಚೆನ್ನಾಗಿ ಬಲ್ಲರು. ನಗರದ ನೀರೂ ನಮ್ಮ ನೀರೂ ಬೇರೆಯಲ್ಲ.

ಕೊನೆಗೆ ನಮ್ಮ ಸ್ವಂತ ಊರುಗಳ ಮಾತು. 2024ರ ನವೆಂಬರ್ 30ರ ರಾತ್ರಿ ‘ಫೆಂಗಲ್’ ಚಂಡಮಾರುತ ಪುದುಚ್ಚೇರಿಯ ಬಳಿ ದಡವೇರಿತು. ಕಡಲಿನಿಂದ ನೂರು ಕಿಲೋಮೀಟರಿಗೂ ದೂರದಲ್ಲಿರುವ ನಾವು, ಇದು ಕರಾವಳಿಯವರ ಕಷ್ಟವೆಂದು ಮಲಗಿದೆವು. ಬಲಗುಂದಿದ ಆ ಗಾಳಿ ಪಶ್ಚಿಮಕ್ಕೆ ನಿಧಾನವಾಗಿ ಚಲಿಸುತ್ತ ತನ್ನಲ್ಲಿದ್ದ ನೀರನ್ನೆಲ್ಲ ಒಳನಾಡಿನಲ್ಲಿ ಸುರಿಯಿತು. ಡಿಸೆಂಬರ್ 2ರ ಬೆಳಿಗ್ಗೆಗೆ ಮುಗಿದ 24 ಗಂಟೆಗಳಲ್ಲಿ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೈಯಲ್ಲಿ 50 ಸೆಂಟಿಮೀಟರ್, ಧರ್ಮಪುರಿ ಜಿಲ್ಲೆಯ ಹರೂರಿನಲ್ಲಿ 33 ಸೆಂಟಿಮೀಟರ್ ಮಳೆ ದಾಖಲಾಯಿತು. ನಮ್ಮ ಕಡೆ ವರ್ಷವಿಡೀ ಬೀಳುವ ಮಳೆಯ ಅರ್ಧಕ್ಕಿಂತಲೂ ಹೆಚ್ಚು ಒಂದೇ ದಿನದಲ್ಲಿ ಊತ್ತಂಗರೈಯಲ್ಲಿ ಬಿದ್ದಂತಾಯಿತು. ಏರಿಯ ನೀರು ಉಕ್ಕಿ, ಬಸ್ ನಿಲ್ದಾಣದ ಬಳಿ ರಸ್ತೆಯಂಚಿನಲ್ಲಿ ನಿಲ್ಲಿಸಿದ್ದ ವಾಹನಗಳು ಆಟಿಕೆಗಳಂತೆ ತೇಲಿಹೋದವು. ತಿರುವಣ್ಣಾಮಲೈಯಲ್ಲಿ ಬೆಟ್ಟದ ಮಣ್ಣು ಕುಸಿದು ಒಂದೇ ಕಡೆ ಏಳು ಮಂದಿ ಸತ್ತರು. ಏರ್ಕಾಡಿನ ಘಾಟಿಯಲ್ಲಿಯೂ ಮಣ್ಣು ಜಾರಿ ಸಂಚಾರಕ್ಕೆ ತೊಂದರೆಯಾಯಿತು.

2015ರಲ್ಲಿ ತಾಂಬರವನ್ನು ಮುಳುಗಿಸಿದ ಮಳೆ 49 ಸೆಂಟಿಮೀಟರ್. 2024ರಲ್ಲಿ ಊತ್ತಂಗರೈಯಲ್ಲಿ ಬಿದ್ದದ್ದು 50. “ನಮ್ಮ ಊರೇ ಕ್ಷೇಮ” ಎಂಬ ಮಾತಿಗೆ ಇನ್ನು ಆಧಾರವೆಲ್ಲಿ? ಮೋಡಕ್ಕೆ ನಗರ, ಹಳ್ಳಿ ಎಂಬ ಭೇದವಿಲ್ಲ. ನೀರು ಹರಿಯುವ ದಾರಿಯಲ್ಲಿ ಯಾರು ಮನೆಮಾಡಿದ್ದಾರೆ ಎಂಬುದರ ಮೇಲೆಯೇ ಕೇಡು ನಿಂತಿದೆ.

ನನಗೆ ಪರಿಚಯದ ಒಂದು ಕುಟುಂಬದ ವಿಚಾರವನ್ನು ಇಲ್ಲಿ ಹೇಳುವುದು ಉಚಿತ. ಮನೆಯ ಮೊಮ್ಮಗಳಿಗೆ ಚೆನ್ನೈಯಲ್ಲಿ ಹುದ್ದೆ ದೊರೆಯಿತು. ಬಹಳ ಕಷ್ಟಪಟ್ಟು ಓದಿ ಸರ್ಕಾರಿ ಪರೀಕ್ಷೆಯಲ್ಲಿ ತೇರ್ಗಡೆಯಾದ ಹುಡುಗಿ. ಅಜ್ಜಿ ಮಾತ್ರ ಒಪ್ಪಲಿಲ್ಲ. “ಮೇಷ್ಟ್ರೇ, ವರ್ಷವರ್ಷ ಮುಳುಗುವ ಊರಿಗೆ ಹೆಣ್ಣುಮಗುವನ್ನು ಒಂಟಿಯಾಗಿ ಹೇಗೆ ಕಳಿಸೋದು? ಕೆಲಸ ಹೋದರೆ ಹೋಗಲಿ” ಎಂದು ಅವರು ಹಟಹಿಡಿದರು. ಇವರ ಮನೆಯಿರುವುದು ಕೆರೆಯ ಏರಿಯ ಕೆಳಗೆ, ಕೋಡಿಯ ಹಳ್ಳಕ್ಕೆ ಹತ್ತಿರದಲ್ಲಿ! “ಇಲ್ಲಿ ಅಂಜಿಕೆಯಿಲ್ಲವೇ ಅಜ್ಜಿ?” ಎಂದರೆ, “ಇಲ್ಲಿ ನೀರು ಯಾವ ಕಡೆ ಹೋಗುತ್ತೆ ಅಂತ ನಮಗೆ ಗೊತ್ತು” ಎಂದರು.

ಅಜ್ಜಿಯ ಈ ಮಾತಿನಲ್ಲಿ ಸಾರವಿದೆ. ಕೆರೆ ತುಂಬಿದರೆ ಕೋಡಿ ಯಾವ ಕಡೆ, ಹಳ್ಳ ಎಷ್ಟು ಅಗಲ ಹರಡುತ್ತದೆ, ಯಾವ ಗೋಡೆ ನೆನೆದರೆ ಬೀಳುತ್ತದೆ ಎಂಬುದು ನಮ್ಮ ಹಿರಿಯರಿಗೆ ಕರತಲಾಮಲಕ. ಪಟ್ಟಣಕ್ಕೆ ಹೋಗುವಾಗ ಈ ವಿದ್ಯೆಯನ್ನು ಊರಿನಲ್ಲಿಯೇ ಬಿಟ್ಟು, ಬರಿಯ ಬಾಡಿಗೆಯನ್ನೂ ಗೋಡೆಯ ಬಣ್ಣವನ್ನೂ ನೋಡಿ ಮನೆ ಹಿಡಿಯುತ್ತೇವೆ. ಆ ಹುಡುಗಿಯ ತಂದೆ ಹಾಗೆ ಮಾಡಲಿಲ್ಲ. ಮಗಳೊಂದಿಗೆ ಮನೆ ನೋಡಲು ಹೋದವರು, ಮಾಲೀಕನನ್ನು ಕೇಳುವ ಬದಲು ಎದುರಿನ ದಿನಸಿ ಅಂಗಡಿಯವನನ್ನು ಕೇಳಿದರಂತೆ: “2023ರ ಮಳೆಯಲ್ಲಿ ನಿಮ್ಮ ಅಂಗಡಿಗೆ ನೀರು ಎಷ್ಟು ಬಂದಿತ್ತು?” ಅವನು ಮೊಣಕಾಲಿಗಿಂತ ಮೇಲೆ ಕೈಯಿಟ್ಟು ತೋರಿಸಿದ. ಆ ಮನೆಯನ್ನು ಬಿಟ್ಟು, ಏರುನೆಲದಲ್ಲಿದ್ದ ಮತ್ತೊಂದು ಬೀದಿಯಲ್ಲಿ ಮೊದಲ ಮಹಡಿಯ ಮನೆಯನ್ನು ಹಿಡಿದರು. ಬಾಡಿಗೆ ಸ್ವಲ್ಪ ಹೆಚ್ಚು. ಅಜ್ಜಿಗೆ ಈ ಲೆಕ್ಕ ಒಪ್ಪಿಗೆಯಾಯಿತು. ಹುಡುಗಿ ಕೆಲಸಕ್ಕೆ ಸೇರಿದಳು. ಕೆರೆಯ ಕೆಳಗಿನ ಸ್ವಂತ ಮನೆಯ ವಿಚಾರವಾಗಿಯೂ ಈಗ ಅವರ ಮನೆಯಲ್ಲಿ ಮಾತು ನಡೆಯುತ್ತಿದೆಯೆಂದು ಕೇಳಿದ್ದೇನೆ.

ಹೊರಡುವ ಕುಟುಂಬಗಳು ವಿಚಾರಿಸತಕ್ಕ ಕೆಲವು ಸಂಗತಿಗಳನ್ನು ಒಟ್ಟಿಗೆ ಹೇಳುತ್ತೇನೆ. ಬಡಾವಣೆಯ ಹಳೆಯ ಹೆಸರೇನು? ಏರಿ, ತಾಂಗಲ್, ಕೆರೆ, ಕುಂಟೆ ಎಂಬ ಮಾತು ಆ ಹೆಸರಿನಲ್ಲಿ ಅಡಗಿದ್ದರೆ ಎರಡು ಸಲ ಯೋಚಿಸಿ. ಗೋಡೆಗಳ ಮೇಲೆ ನೀರು ನಿಂತ ಗೆರೆ ಕಾಣುತ್ತದೆಯೇ? ಹೊಸದಾಗಿ ಬಣ್ಣ ಬಳಿದಿದ್ದರೆ ನೆರೆಯವರನ್ನು ಕೇಳಿ. ಮನೆಯ ಬಾಗಿಲು ರಸ್ತೆಗಿಂತ ಮೇಲೋ ಕೆಳಗೋ? ವಿದ್ಯುತ್ ಮೀಟರೂ ನೀರೆತ್ತುವ ಮೋಟಾರೂ ನೆಲಮಾಳಿಗೆಯಲ್ಲಿವೆಯೇ? ಪಕ್ಕದಲ್ಲಿ ಎತ್ತರವಾದ ಹಳೆಯ ಆವರಣಗೋಡೆ ಇದೆಯೇ? 2019ರ ಡಿಸೆಂಬರ್ 2ರ ಮುಂಜಾವದಲ್ಲಿ ಮೇಟುಪಾಳ್ಯದ ಹತ್ತಿರ ಮಳೆಗೆ ನೆನೆದ ಅಂತಹ ಒಂದು ಗೋಡೆ ಕುಸಿದು, ಮಲಗಿದ್ದ 17 ಜೀವಗಳು ಹೋದವು. ವೃದ್ಧ ತಂದೆತಾಯಿಯರು ಜೊತೆಗಿದ್ದರೆ, ನೀರು ಬಂದಾಗ ಅವರನ್ನು ಮೇಲಿನ ಮಹಡಿಗೆ ಕರೆದೊಯ್ಯುವವರು ಯಾರು ಎಂಬುದನ್ನು ಮೊದಲೇ ನಿಶ್ಚಯಿಸಿ. ಮಗ ಸೊಸೆ ಇಬ್ಬರೂ ಕಚೇರಿಯಲ್ಲಿರುವ ಹೊತ್ತಿಗೇ ಮಳೆ ಬರಬಹುದು.

ಗೃಹಿಣಿಯರಲ್ಲಿ ವಿಶೇಷವಾಗಿ ಒಂದು ಮನವಿ. ಮಕ್ಕಳ ಅಂಕಪಟ್ಟಿಗಳು, ಜಮೀನಿನ ಪಟ್ಟಾ, ಪಡಿತರ ಚೀಟಿಗಳನ್ನು ಬೀರುವಿನ ಕೆಳಗಿನ ಖಾನೆಯಲ್ಲಿ ಇಡಬೇಡಿ. 2015ರ ಪ್ರವಾಹದಲ್ಲಿ ಅಂಕಪಟ್ಟಿ, ಪತ್ರಗಳನ್ನು ಕಳೆದುಕೊಂಡವರಿಗಾಗಿ ಸರ್ಕಾರ ವಿಶೇಷ ಶಿಬಿರಗಳನ್ನೇ ನಡೆಸಬೇಕಾಯಿತು. ನೀರು ನುಗ್ಗದ ಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಡಿ.

ಊರಿನಲ್ಲಿಯೇ ಉಳಿಯುವವರಿಗೂ ಕೆಲಸವುಂಟು. ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಜಿಲ್ಲೆವಾರು ಎಚ್ಚರಿಕೆ ಕೊಡುತ್ತದೆ. ಅದು ತಮಿಳಿನಲ್ಲಿ ಬಂದಾಗ ಶಾಲೆಯ ಮಕ್ಕಳು ಮನೆಯ ಹಿರಿಯರಿಗೆ ಕನ್ನಡದಲ್ಲಿ ತಿಳಿಯಹೇಳಬೇಕು. ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಬೇಕೆಂಬ ಸೂಚನೆ. ಸಿಡಿಲಿನ ಮುನ್ಸೂಚನೆ ಕೊಡುವ ‘ದಾಮಿನಿ’ ಎಂಬ ಅನುಕೂಲವನ್ನು ಪುಣೆಯ ವಿಜ್ಞಾನಿಗಳು ಮೊಬೈಲಿಗೆ ಒದಗಿಸಿದ್ದಾರೆ. ಜಿಲ್ಲೆಯ ಆಪತ್ತಿನ ನಿಯಂತ್ರಣ ಕೊಠಡಿಯ ಸಂಖ್ಯೆ 1077. ಮಿಂಚು ಕಂಡು ಗುಡುಗು ಕೇಳುವುದರೊಳಗೆ ಮೂವತ್ತು ಎಣಿಸಲು ಆಗದಿದ್ದರೆ, ಮರವನ್ನೂ ತಗಡಿನ ಕೊಟ್ಟಿಗೆಯನ್ನೂ ಬಿಟ್ಟು ಗಟ್ಟಿಯಾದ ಕಟ್ಟಡವನ್ನು ಸೇರಬೇಕು. ಕೆರೆಯ ಕೋಡಿಯನ್ನೂ ಕಾಲುವೆಯನ್ನೂ ಆಶ್ವಯುಜ ಮಾಸಕ್ಕೆ ಮೊದಲೇ ಊರವರು ಕೂಡಿ ಹಸನುಮಾಡಿಕೊಳ್ಳಬೇಕು.

ಮಕ್ಕಳ ಏಳಿಗೆಯ ದಾರಿಗೆ ಕೇವಲ ಭಯದಿಂದ ಅಡ್ಡ ನಿಲ್ಲುವುದು ಹಿರಿಯರಿಗೆ ಶೋಭಿಸದು. ಹಿರಿಯರ ಭಯವನ್ನು ಮೌಢ್ಯವೆಂದು ತಳ್ಳಿಹಾಕಿ ಕಿರಿಯರು ಕಣ್ಣುಮುಚ್ಚಿ ಹೊರಡುವುದೂ ತರವಲ್ಲ. ಹೊಸ ಊರಿನಲ್ಲಿ ಮನೆ ನೋಡುವ ದಿನ ಮಗನೂ ತಂದೆಯೂ, ಮಗಳೂ ಅಜ್ಜಿಯೂ ಜೊತೆಯಾಗಿ ಹೋಗಲಿ. ಕಿರಿಯರು ಬಾಡಿಗೆಯ ಕರಾರನ್ನು ಓದಲಿ, ಹಿರಿಯರು ನೆಲದ ಇಳಿಜಾರನ್ನು ಓದಲಿ. ಎರಡನ್ನೂ ಓದಿಯಾದ ಮೇಲೆ ಮುಂಗಡ ಕೊಟ್ಟರೆ ಸಾಕು.